ದತ್ತು ಕೇಂದ್ರದ ನಾಯಿಗಳು: ನಡವಳಿಕೆಯನ್ನು ಓದುವುದು, ತಿದ್ದುವುದು

ಆಶ್ರಯತಾಣಕ್ಕೆ ಹೊಸ ನಾಯಿ ಬಂದ ದಿನ ಅದಕ್ಕೆ ಏನನ್ನೂ ಕಲಿಸಲು ಹೋಗಬಾರದು. ಮನೆಯವರು ಊರು ಬಿಡುವಾಗ ಗೇಟಿಗೆ ಕಟ್ಟಿ ಹೋದ ನಾಯಿಯಾಗಲಿ, ಗಾಡಿ ತಾಗಿ ಕಾಲು ಮುರಿದುಕೊಂಡು ಬಂದ ಬೀದಿನಾಯಿಯಾಗಲಿ, ಆರಂಭದ ದಿನಗಳಲ್ಲಿ ಅದಕ್ಕಿರುವುದು ಭಯವೊಂದೇ. ಅಮೆರಿಕದ ಒಂದು ಆಶ್ರಯತಾಣದ ನಾಯಿಗಳ ರಕ್ತವನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೊದಲ ಮೂರು ದಿನ ಹೆಚ್ಚಿದ್ದು, ಒಂಬತ್ತು ದಿನ ದಾಟಿದ ನಾಯಿಗಳಲ್ಲಿ ಅದಕ್ಕಿಂತ ಕಡಿಮೆ ಇದ್ದುದು ಕಂಡುಬಂದಿತ್ತು. ಆದ್ದರಿಂದ ಮೊದಲ ಮೂರು ದಿನ ನೋಡಲು ಬರುವವರನ್ನು ಅದರ ಬಳಿ ಬಿಡದಿರುವುದು, ತುರ್ತು ಚಿಕಿತ್ಸೆಯ ಹೊರತು ಸ್ನಾನ, ಉಗುರು ಕತ್ತರಿಸುವುದು ಮುಂತಾದವನ್ನು ಮುಂದೂಡುವುದು, ಸಾಧ್ಯವಾದಷ್ಟು ಒಬ್ಬರೇ ಊಟ ಹಾಕುವುದು ಒಳ್ಳೆಯದು. ಸಾಲಿನ ಕೊನೆಯ ಗೂಡನ್ನು ಕೊಟ್ಟು, ಕಂಬಿಯ ಅರ್ಧ ಭಾಗಕ್ಕೆ ಹಳೆಯ ಬೆಡ್‌ಶೀಟ್ ಕಟ್ಟಿದರೆ, ನೋಡಬೇಕೋ ಅಡಗಬೇಕೋ ಎಂಬುದನ್ನು ನಾಯಿಯೇ ತೀರ್ಮಾನಿಸಬಹುದು.

ಈ ಹಂತದಲ್ಲಿ ಹೊಸ ಸ್ವಯಂಸೇವಕರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ ನಾಯಿಯನ್ನು 'ಪಾಪ, ಬಹಳ ಸಾಧು' ಎಂದು ಬರೆದುಬಿಡುವುದು. ಭಯದಿಂದ ಮರಗಟ್ಟಿದ ನಾಯಿಯೂ ಸುಮ್ಮನೆಯೇ ಇರುತ್ತದೆ; ನೆಮ್ಮದಿಯಾಗಿರುವ ನಾಯಿಯೂ ಸುಮ್ಮನೆಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ನಾನು ಬಳಸುವ ಅಳತೆಗೋಲು ಬೇಯಿಸಿದ ಕೋಳಿಮಾಂಸದ ಒಂದು ಚೂರು. ಅದನ್ನು ನಾಯಿಯ ಮುಂಗಾಲಿನ ಬಳಿ ಬೀಳುವಂತೆ ಮೆಲ್ಲನೆ ಎಸೆದು, ಪಕ್ಕಕ್ಕೆ ತಿರುಗಿ ಕುಳಿತು ಗಮನಿಸಬೇಕು. ನಾವಿರುವಾಗಲೇ ತಿಂದರೆ ಕೆಲಸ ಶುರುಮಾಡಬಹುದು. ನಾವು ಹೋದ ಮೇಲೆ ತಿಂದರೆ ಇನ್ನೂ ಒಂದೆರಡು ದಿನ ಕಾಯಬೇಕು. ಮರುದಿನ ಬೆಳಿಗ್ಗೆಯೂ ಚೂರು ಅಲ್ಲೇ ಬಿದ್ದಿದ್ದರೆ ಪಶುವೈದ್ಯರಿಗೆ ತಿಳಿಸಬೇಕು, ಏಕೆಂದರೆ ಅದು ಭಯವಷ್ಟೇ ಆಗಿರದೆ ಜ್ವರವೋ ನೋವೋ ಆಗಿರಬಹುದು.

ಕಚ್ಚುವ ಮೊದಲು ನಾಯಿ ಹೇಳುವುದು

ನಾಯಿ 'ಇದ್ದಕ್ಕಿದ್ದಂತೆ' ಕಚ್ಚಿತು ಎನ್ನುವವರು ಅದಕ್ಕೆ ಮೊದಲು ನಡೆದದ್ದನ್ನು ಗಮನಿಸಿರುವುದಿಲ್ಲ. ನಿದ್ದೆ ಬಾರದಿದ್ದರೂ ಆಕಳಿಸುವುದು, ಊಟವಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖವನ್ನು ಅತ್ತ ತಿರುಗಿಸಿಕೊಂಡೇ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಮೈ ಕ್ಷಣಕಾಲ ಬಿಗಿದು ನಿಲ್ಲುವುದು, ಇವೆಲ್ಲ ದೂರ ಸರಿಯಿರೆಂಬ ಕೋರಿಕೆಗಳು. ಬಾಲ ಅಲ್ಲಾಡಿಸಿದ್ದನ್ನೆಲ್ಲ ಸ್ನೇಹವೆಂದು ತಿಳಿಯಬಾರದು. ಸೊಂಟವನ್ನೂ ಸೇರಿಸಿ ಸಡಿಲವಾಗಿ ಆಡುವ ಬಾಲ ಬೇರೆ, ಎತ್ತರದಲ್ಲಿ ನೆಟ್ಟಗೆ ನಿಂತು ತುದಿ ಮಾತ್ರ ಪಟಪಟನೆ ಆಡುವ ಬಾಲ ಬೇರೆ.

ಗುರ್ರೆಂದದ್ದಕ್ಕೆ ಎಂದೂ ಶಿಕ್ಷಿಸಬಾರದು. ಗುರ್ರೆನ್ನುವುದು ನಾಯಿ ನಮಗೆ ಕೊಡುವ ಕೊನೆಯ ಅವಕಾಶ. ಅದಕ್ಕೆ ಏಟು ಬಿದ್ದರೆ ನಾಯಿ ಗುರ್ರೆನ್ನುವುದನ್ನು ಬಿಡುತ್ತದೆಯೇ ಹೊರತು ಭಯವನ್ನು ಬಿಡುವುದಿಲ್ಲ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಬಾಯಿ ಹಾಕುತ್ತದೆ. ಸುತ್ತಿದ ಪೇಪರಿನ ಏಟು, ಚೈನು ಜಗ್ಗುವುದು, ಕುತ್ತಿಗೆ ಹಿಡಿದು ನೆಲಕ್ಕೆ ಒತ್ತುವುದು, ಇವು ನಮ್ಮ ಕಡೆ ಇನ್ನೂ ಚಾಲ್ತಿಯಲ್ಲಿವೆ. ಆಶ್ರಯತಾಣದ ಗೋಡೆಯೊಳಗೆ ಇವುಗಳಿಗೆ ಜಾಗವಿರಬಾರದು, ಅನುಭವಸ್ಥರೇ ಹಾಗೆ ಮಾಡುತ್ತಿದ್ದರೂ ತಡೆಯಬೇಕು.

ಇಲ್ಲಿ ರೇಬಿಸ್ ಕುರಿತು ಒಂದು ಮಾತು ಅಗತ್ಯ. ಲಸಿಕೆಯ ದಾಖಲೆ ಇಲ್ಲದ ನಾಯಿಯ ಸ್ವಭಾವ ಒಂದೆರಡು ದಿನಗಳಲ್ಲಿ ಪೂರ್ತಿ ಬದಲಾದರೆ, ದವಡೆ ಜೋತುಬಿದ್ದು ಜೊಲ್ಲು ಸುರಿದರೆ, ಬೊಗಳುವ ದನಿ ಒಡೆದಂತಾದರೆ ಅದನ್ನು ತರಬೇತಿಯ ಸಮಸ್ಯೆಯೆಂದು ಭಾವಿಸದೆ, ಗೂಡಿನ ಬಾಗಿಲು ಮುಚ್ಚಿ ಪಶುವೈದ್ಯರನ್ನು ಕರೆಸಬೇಕು. ನಾಯಿಗಳನ್ನು ಮುಟ್ಟುವ ಪ್ರತಿಯೊಬ್ಬರೂ ಮುಂಚಿತವಾಗಿಯೇ ರೇಬಿಸ್ ಲಸಿಕೆ ಪಡೆದಿರಬೇಕು. ಹಾಗಿದ್ದರೂ ಕಚ್ಚಿದಾಗ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು; ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚುವ ಪದ್ಧತಿ ಅಪಾಯಕಾರಿ.

ಗೂಡಿನ ಸಾಲಿನ ಗದ್ದಲ

ದತ್ತು ಕೇಳಿಕೊಂಡು ಬರುವ ಕುಟುಂಬ ನಾಯಿಯನ್ನು ಮೊದಲು ನೋಡುವುದು ಕಂಬಿಯ ಆಚೆ. ಅದು ಹಲ್ಲು ಕಿರಿದು ಕಂಬಿಗೆ ಹಾರಿದರೆ, ಹೊರಗೆ ಬಂದ ಮೇಲೆ ಎಷ್ಟೇ ಮುದ್ದಾಗಿದ್ದರೂ ಅವರು ಮುಂದಿನ ಗೂಡಿಗೆ ನಡೆದುಬಿಡುತ್ತಾರೆ. ಹೀಗಾಗಿ ಒಂದು ಆಶ್ರಯತಾಣ ಒಂದೇ ಒಂದು ತರಬೇತಿಯನ್ನು ನಡೆಸಬಲ್ಲದಾದರೆ, ಅದು ಗೂಡಿನ ಮುಂದಿನ ನಡವಳಿಕೆಯದ್ದೇ ಆಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 'ಕೂತ್ಕೋ', 'ಶೇಕ್‌ಹ್ಯಾಂಡ್' ಎಲ್ಲ ಅದರ ನಂತರದ ಮಾತು.

ವಿಧಾನಕ್ಕೆ ಖರ್ಚಿಲ್ಲ. ಪ್ರತಿ ಗೂಡಿನ ಬಾಗಿಲಿಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತೂಗುಹಾಕಿ, ಆ ನಾಯಿಯ ದಿನದ ಊಟದಲ್ಲೇ ಒಂದು ಹಿಡಿ ಒಣ ಆಹಾರವನ್ನು ತೆಗೆದು ಅದಕ್ಕೆ ತುಂಬಬೇಕು. ಆ ದಾರಿಯಲ್ಲಿ ಹಾದುಹೋಗುವವರೆಲ್ಲರೂ, ಕಸ ಗುಡಿಸುವವರು, ನೀರು ಹಿಡಿಯುವವರು, ಲೆಕ್ಕ ಬರೆಯುವವರು ಸೇರಿದಂತೆ, ಪ್ರತಿ ಸಲವೂ ಎರಡು ಕಾಳು ಒಳಗೆ ಎಸೆದು ನಿಲ್ಲದೆ ಮುಂದೆ ಸಾಗಬೇಕು. ಮೊದಲ ವಾರ ನಾಯಿ ಬೊಗಳುತ್ತಿದೆಯೋ ಸುಮ್ಮನಿದೆಯೋ ಎಂದು ನೋಡುವಂತಿಲ್ಲ. ಬೊಗಳಿದ್ದಕ್ಕೆ ಬಹುಮಾನ ಕೊಟ್ಟಂತಾಯಿತಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಈ ವಾರ ನಾವು ತಿದ್ದುತ್ತಿರುವುದು ಬೊಗಳುವಿಕೆಯನ್ನಲ್ಲ, ಅದರ ಹಿಂದಿನ ಭಾವನೆಯನ್ನು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ ಹಾಗೆ ಗಂಟೆಯ ಸದ್ದು ಊಟದ ಮುನ್ಸೂಚನೆಯಾದಂತೆ, ಇಲ್ಲಿ ಹೆಜ್ಜೆಯ ಸಪ್ಪಳ ಊಟದ ಮುನ್ಸೂಚನೆಯಾಗುತ್ತದೆ. ಎರಡನೆಯ ವಾರದಿಂದ, ಬಾಗಿಲ ಬಳಿ ಒಂದು ಕ್ಷಣ ನಿಂತು, ನಾಯಿ ಉಸಿರೆಳೆದುಕೊಳ್ಳಲಾದರೂ ಬಾಯಿ ಮುಚ್ಚಿದ ಆ ಗಳಿಗೆಯಲ್ಲಿ ಕಾಳು ಎಸೆಯಬೇಕು. ಆ ಮೌನ ಅರ್ಧ ಸೆಕೆಂಡಿನಿಂದ ಎರಡಕ್ಕೆ, ಎರಡರಿಂದ ಐದಕ್ಕೆ ಬೆಳೆಯುವುದನ್ನು ನೋಡುವುದೇ ಒಂದು ಸಂತೋಷ. ಕೆಲಸದವರೊಬ್ಬರು ಮರೆತರೂ ಪರವಾಗಿಲ್ಲ. ಆದರೆ ಒಬ್ಬರು ಕಾಳು ಎಸೆದು ಇನ್ನೊಬ್ಬರು ಕೋಲಿನಿಂದ ಕಂಬಿ ಬಡಿದರೆ ಎಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ.

ಗದ್ದಲಕ್ಕೆ ಕಟ್ಟಡವೂ ಕಾರಣ. ಸಿಮೆಂಟಿನ ಗೋಡೆ, ತಗಡಿನ ಮಾಡು ಇರುವಲ್ಲಿ ದನಿ ಮರುದನಿಸುತ್ತದೆ. ನಾಯಿಗೂಡುಗಳ ಸದ್ದು 100 ಡೆಸಿಬೆಲ್ ಮೀರುವುದು ಹಲವು ಅಳತೆಗಳಲ್ಲಿ ಕಂಡಿದೆ. ಎದುರುಬದುರು ಗೂಡುಗಳ ನಡುವೆ ನರ್ಸರಿಯವರು ಬಳಸುವ ಹಸಿರು ಶೇಡ್‌ನೆಟ್ ಕಟ್ಟಿ ನಾಯಿಗಳು ಪರಸ್ಪರ ದಿಟ್ಟಿಸುವುದನ್ನು ತಪ್ಪಿಸಿದರೂ ಗದ್ದಲ ತಗ್ಗುತ್ತದೆ. ಊಟದ ನಂತರ ಮಧ್ಯಾಹ್ನ ಒಂದೆರಡು ಗಂಟೆ ಯಾರೂ ಆ ಸಾಲಿಗೆ ಹೋಗದಂತೆ ನಿಯಮ ಮಾಡಬೇಕು, ನಾಯಿಗೆ ನಿದ್ದೆ ಬೇಕು.

ಹಗ್ಗ ಕಾಣದ ನಾಯಿಗೆ ಹಗ್ಗ

ನಮ್ಮಲ್ಲಿ ಬರುವ ನಾಯಿಗಳಲ್ಲಿ ದೊಡ್ಡ ಪಾಲು ಬೀದಿಯಲ್ಲಿ ಬೆಳೆದ ನಾಡನಾಯಿಗಳು. ಅವುಗಳಿಗೆ ಮನುಷ್ಯರು ಗೊತ್ತು, ಟ್ರಾಫಿಕ್ ಗೊತ್ತು, ಹಗ್ಗ ಮಾತ್ರ ಗೊತ್ತಿಲ್ಲ. ಕುತ್ತಿಗೆಗೆ ಹಗ್ಗ ಬಿದ್ದೊಡನೆ ಕೆಲವು ಮೊಸಳೆಯಂತೆ ಉರುಳುತ್ತವೆ, ಕೆಲವು ನೆಲಕ್ಕೆ ಅಂಟಿಕೊಂಡು ಮೂತ್ರ ಮಾಡಿಕೊಳ್ಳುತ್ತವೆ. ಕರಿಯ ಎಂದು ಕರೆಯುತ್ತಿದ್ದ ಒಂದು ಕಪ್ಪು ನಾಯಿ ಎರಡನೆಯ ಬಗೆಯದು. ಅದನ್ನು ಅಂಗಳಕ್ಕೆ ಎಳೆದು ತಂದ ಮೊದಲ ದಿನ ನಾನೇ ತಪ್ಪು ಮಾಡಿದ್ದೆ. ಆಮೇಲೆ ಹತ್ತು ದಿನ ಹಗ್ಗ ಕಂಡರೆ ಅದು ಮಂಚದಡಿ ಸೇರುತ್ತಿತ್ತು. ಮತ್ತೆ ಶುರುಮಾಡಿದಾಗ ಹಗ್ಗವನ್ನು ಊಟದ ತಟ್ಟೆಯ ಪಕ್ಕ ಸುಮ್ಮನೆ ಇಟ್ಟೆವು. ಮೂರು ದಿನ ಅಷ್ಟೇ. ಬಳಿಕ ಅದನ್ನು ಬೆನ್ನ ಮೇಲೆ ಒಂದು ಗಳಿಗೆ ಇಟ್ಟು ತೆಗೆದು, ಪ್ರತಿ ಸಲವೂ ಒಂದು ಚೂರು ಮೊಟ್ಟೆ ಕೊಟ್ಟೆವು. ಬೆಲ್ಟ್ ಹಾಕಿಸಿಕೊಳ್ಳಲು ಒಪ್ಪಿದ ಮೇಲೆ ಒಂದಡಿ ಉದ್ದದ ಹಗುರವಾದ ದಾರವನ್ನು ಅದಕ್ಕೆ ಕಟ್ಟಿ, ನಾವು ಎದುರಿಗಿರುವಾಗ ಮಾತ್ರ ಎಳೆದುಕೊಂಡು ತಿರುಗಲು ಬಿಟ್ಟೆವು. ಆಮೇಲೆ ತುದಿಯನ್ನು ಹಿಡಿದು, ನಾಯಿ ಹೋದತ್ತ ನಾವೇ ಹಿಂಬಾಲಿಸಿದೆವು. ಮೂರನೆಯ ವಾರ ಕರಿಯ ಗೇಟಿನವರೆಗೆ ಬಂತು, ವಾಸನೆ ನೋಡಿತು, ತಾನಾಗಿಯೇ ಹಿಂದಿರುಗಿತು. ಅವತ್ತಿಗೆ ಅಲ್ಲಿಗೇ ನಿಲ್ಲಿಸಿದೆವು.

ಹೊರಗೆ ಕರೆದೊಯ್ಯುವಾಗ ಅಂಜುವ ನಾಯಿಗೆ ಎರಡು ಹಗ್ಗ ಕಡ್ಡಾಯ: ಒಂದು ಎದೆಗೆ ಬರುವ ಹಾರ್ನೆಸ್‌ಗೆ, ಇನ್ನೊಂದು ಬೆಲ್ಟಿಗೆ. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯಾದ ಮುಧೋಳ ನಾಯಿ ಬಂದರಂತೂ ಇನ್ನಷ್ಟು ಎಚ್ಚರ ಬೇಕು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿಯ ತಲೆ ಕಿರಿದಾಗಿ ಇರುವುದರಿಂದ ಸಾಧಾರಣ ಬೆಲ್ಟಿನಿಂದ ಅದು ಹಿಂದಕ್ಕೆ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಕಣ್ಣಿಂದ ಬೇಟೆ ಗುರುತಿಸಿ ಓಡುವುದಕ್ಕೆಂದೇ ಬೆಳೆಸಿದ ನಾಯಿಯಾದ್ದರಿಂದ, ಕೋಳಿಯೋ ಬೆಕ್ಕೋ ಕಂಡು ಓಡತೊಡಗಿದರೆ ಹೆಸರು ಕೂಗಿ ಪ್ರಯೋಜನವಿಲ್ಲ. ಅಪರಿಚಿತರು ಮುಟ್ಟುವುದನ್ನೂ ಇವು ಬೇಗ ಸಹಿಸುವುದಿಲ್ಲ. ಎತ್ತರದ ಬೇಲಿಯೊಳಗೆ ದಿನಕ್ಕೆ ಎರಡು ಸಲ ಮನಸೋ ಇಚ್ಛೆ ಓಡಲು ಬಿಟ್ಟರೆ ಉಳಿದ ಹೊತ್ತು ಅಚ್ಚರಿಪಡುವಷ್ಟು ಸೋಮಾರಿಯಾಗಿ ಮಲಗುತ್ತವೆ.

ತಟ್ಟೆ, ಚಿಪ್ಪು, ಪಟಾಕಿ

ಊಟದ ತಟ್ಟೆಯ ಬಳಿ ಯಾರನ್ನೂ ಸೇರಿಸದ ನಾಯಿಯನ್ನು ಪರೀಕ್ಷಿಸಲು ಕೋಲಿಗೆ ಪ್ಲಾಸ್ಟಿಕ್ ಕೈ ಸಿಕ್ಕಿಸಿ ತಟ್ಟೆಗೆ ಹಾಕುವ ಪದ್ಧತಿ ಕೆಲವೆಡೆ ಇದೆ. ಆಶ್ರಯತಾಣದಲ್ಲಿ ತಟ್ಟೆ ಕಾಯ್ದ ನಾಯಿಗಳಲ್ಲಿ ಅನೇಕವು ಮನೆಗೆ ಹೋದ ಮೇಲೆ ಹಾಗೆ ಮಾಡುವುದಿಲ್ಲವಾದ್ದರಿಂದ, ಆ ಒಂದು ಪರೀಕ್ಷೆಯ ಮೇಲೆ ನಾಯಿಯ ಭವಿಷ್ಯವನ್ನು ನಿರ್ಧರಿಸುವುದು ಅನ್ಯಾಯ. ಅದರ ಬದಲು ಊಟ ಮಾಡುವಾಗ ದೂರದಿಂದಲೇ ತಟ್ಟೆಗೆ ಅನ್ನಕ್ಕಿಂತ ರುಚಿಯಾದ ಒಂದು ಚೂರು ಎಸೆದು ಹೋಗುತ್ತ, ದಿನದಿನಕ್ಕೆ ಅಂತರ ಕಡಿಮೆ ಮಾಡಬೇಕು. ಕೈ ಬಂದರೆ ಊಟ ಹೋಗುತ್ತದೆ ಎಂಬ ಅಂಜಿಕೆ, ಕೈ ಬಂದರೆ ಊಟ ಹೆಚ್ಚುತ್ತದೆ ಎಂಬ ನಿರೀಕ್ಷೆಯಾಗಿ ಬದಲಾಗುವವರೆಗೆ ತಟ್ಟೆಯನ್ನು ಮುಟ್ಟಬಾರದು. ಒಂದೇ ಗೂಡಿನಲ್ಲಿ ಎರಡು ನಾಯಿಗಳಿಗೆ ಒಟ್ಟಿಗೆ ಊಟ ಹಾಕಲೂಬಾರದು.

ಬೇಸರದಿಂದ ಕಂಬಿ ಕಚ್ಚುವ, ಸುತ್ತ ಸುತ್ತುವ ನಾಯಿಗಳಿಗೆ ಮೂಗಿನ ಕೆಲಸ ಕೊಡುವುದು ಉತ್ತಮ. ದುಬಾರಿ ಆಟಿಕೆ ಬೇಕಿಲ್ಲ. ನುಣುಪಾಗಿ ಉಜ್ಜಿದ ತೆಂಗಿನ ಚಿಪ್ಪಿನಲ್ಲಿ ಉಪ್ಪಿಲ್ಲದ ಮೊಸರನ್ನ ಒತ್ತಿ ಫ್ರಿಜ್ಜಿನಲ್ಲಿ ಗಟ್ಟಿಮಾಡಿ ಕೊಟ್ಟರೆ ಹತ್ತು ಹದಿನೈದು ನಿಮಿಷ ನೆಕ್ಕುತ್ತ ಕೂರುತ್ತದೆ. ಚಿಪ್ಪು ಒಡೆದು ಚೂರು ನುಂಗುವ ಅಪಾಯವಿರುವುದರಿಂದ ಯಾರಾದರೂ ಎದುರಿಗಿರಬೇಕು, ಅನ್ನ ಮುಗಿದೊಡನೆ ಎತ್ತಿಕೊಳ್ಳಬೇಕು.

ದೀಪಾವಳಿಗೆ ಸಿದ್ಧತೆ ದಸರಾಕ್ಕಿಂತ ಬಹಳ ಮೊದಲೇ ಆರಂಭವಾಗಬೇಕು. ಧ್ವನಿಮುದ್ರಿತ ಪಟಾಕಿಯ ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಜೊತೆಗೇ ಊಟ ಕೊಟ್ಟು, ವಾರಗಳ ಅವಧಿಯಲ್ಲಿ ದನಿ ಏರಿಸಬೇಕು. ಹಬ್ಬದ ದಿನಗಳಲ್ಲಿ ಸಂಜೆಗೆ ಮೊದಲೇ ಓಡಾಟ ಮುಗಿಸಿ, ಒಳಗಿನ ಕೋಣೆಗಳಲ್ಲಿ ಫ್ಯಾನು, ರೇಡಿಯೊ ಹಾಕಿಡಬೇಕು. ನಡುಗುವ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಬಯಸಿದರೆ ಪಕ್ಕದಲ್ಲಿ ಕೂರಿ. ಔಷಧಿಯನ್ನು ಪಶುವೈದ್ಯರೇ ಕೊಡಬೇಕು.

ಮರಿಗಳ ವಿಷಯ ಬೇರೆ. ಮೂರರಿಂದ ಹನ್ನೆರಡು ವಾರದೊಳಗೆ ಕಂಡದ್ದನ್ನೆಲ್ಲ ಮರಿ ಸಹಜವೆಂದು ಒಪ್ಪಿಕೊಳ್ಳುತ್ತದೆ, ಆದರೆ ಅದೇ ಹೊತ್ತಿನಲ್ಲಿ ಮರಿಗಳಿಗೆ ಬೇಗ ಅಂಟಿ ಪ್ರಾಣಕ್ಕೇ ಎರವಾಗಬಲ್ಲ ಪಾರ್ವೊ ರೋಗದ ಭಯದಿಂದ ಅದನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತದೆ. ಮರಿಯನ್ನು ಹೊರಗೆ ಬಿಡಲಾಗದಿದ್ದರೆ ಮನೆಯನ್ನೇ ಒಳಗೆ ತರಬೇಕು: ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಹೆಲ್ಮೆಟ್, ಕೊಡೆ, ಪಂಚೆ, ಸೀರೆಯ ಸೆರಗು.

ಬೆಕ್ಕುಗಳಿಗೆ ಬೇಕಾದದ್ದು ಇನ್ನೂ ಕಡಿಮೆ. ಹೊಸ ಬೆಕ್ಕಿಗೆ ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರೆ ಒತ್ತಡ ಬೇಗ ಇಳಿಯುತ್ತದೆಂದು ನೆದರ್ಲೆಂಡ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೆಟ್ಟಿಗೆ ಕೊಟ್ಟು, ಬೆಕ್ಕುಗಳ ಕೋಣೆಯನ್ನು ನಾಯಿಗಳ ಸದ್ದಿನಿಂದ ದೂರವಿಡಿ.

ಬರವಣಿಗೆ ಮತ್ತು ಬೀಳ್ಕೊಡುಗೆ

ಪ್ರತಿ ನಾಯಿಗೂ ಒಂದು ನೋಟುಪುಸ್ತಕವಿರಲಿ, ಅದರಲ್ಲಿ ವಿಶೇಷಣಗಳು ಬೇಡ. 'ಸಿಡುಕು ಸ್ವಭಾವ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. 'ಬೆಳಿಗ್ಗೆ 8ಕ್ಕೆ, ಊಟ ಮಾಡುವಾಗ ಒಂದಡಿ ದೂರದಲ್ಲಿ ಕೈ ಬಂದಿತು. ಮೈ ಬಿಗಿಹಿಡಿಯಿತು, ಗುರ್ರೆಂದಿತು, ಕಚ್ಚಲಿಲ್ಲ' ಎಂದು ಬರೆದರೆ ನಾಳೆ ಬರುವ ಸ್ವಯಂಸೇವಕರು ಎರಡಡಿ ದೂರದಲ್ಲಿ ನಿಲ್ಲುತ್ತಾರೆ. ಪದಗಳೂ ಒಂದೇ ಇರಬೇಕು. ಕೆಲಸದವರು 'ಕೂತ್ಕೋ', ಸ್ವಯಂಸೇವಕರು 'ಸಿಟ್', ಡಾಕ್ಟರು 'ಬೈಠ್' ಎಂದರೆ ನಾಯಿ ಮೂವರನ್ನೂ ಪಿಳಿಪಿಳಿ ನೋಡುತ್ತದೆ. ದತ್ತು ಪಡೆಯುವವರ ಭಾಷೆ ಯಾವುದಾದೀತೋ ತಿಳಿಯದ್ದರಿಂದ ಪದದ ಜೊತೆಗೆ ಕೈಸನ್ನೆಯನ್ನೂ ಕಲಿಸಿ, ಎರಡನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಕರೆದರೆ ಅಂಗೈಗೆ ಮೂಗು ತಾಗಿಸುವುದು, ಬಾಗಿಲು ತೆರೆದಾಗ ಕಾಯುವುದು, ಅತಿಥಿಗಳ ಮೈಮೇಲೆ ಹಾರದಿರುವುದು, ಈ ಮೂರು ಬಂದರೆ ಮನೆಗೆ ಹೋಗಲು ಸಾಕು.

ದತ್ತು ಕೊಡುವಾಗ ಕೊರತೆಗಳನ್ನು ಮುಚ್ಚಿಡಬೇಡಿ. ಚಿಕ್ಕ ಮಕ್ಕಳಿಗೆ ಅಂಜುವ ನಾಯಿಯನ್ನು ಮಕ್ಕಳಿರುವ ಮನೆಗೆ ಕಳಿಸಿದರೆ ಅದು ಹದಿನೈದು ದಿನದೊಳಗೆ ಹಿಂದಿರುಗುತ್ತದೆ, ಮೊದಲಿಗಿಂತ ಕುಗ್ಗಿ ಬರುತ್ತದೆ. ಹೊಸ ಮನೆಯವರಿಗೆ ಪುಸ್ತಕದ ಪ್ರತಿಯ ಜೊತೆ, ಅದೇ ಊಟದ ಒಂದು ವಾರದ ಪೊಟ್ಟಣವನ್ನೂ, ಗೂಡಿನಲ್ಲಿ ಅದು ಮಲಗುತ್ತಿದ್ದ ಹಾಸಿಗೆಬಟ್ಟೆಯನ್ನು ಒಗೆಯದೆಯೇ ಕೊಡಿ. ಮೊದಲ ಎರಡು ವಾರ ಬಾಲ್ಕನಿ, ಟೆರೇಸಿಗೂ ಹಗ್ಗವಿಲ್ಲದೆ ಬಿಡಬಾರದೆಂದು ಹೇಳಿ. ಮೂರನೆಯ ದಿನ ನೀವೇ ಫೋನು ಮಾಡಿ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎನ್ನುತ್ತಾರೆ, ಆದ್ದರಿಂದ ರಾತ್ರಿ ಎಲ್ಲಿ ಮಲಗಿತು, ಎಷ್ಟು ಹೊತ್ತಿಗೆ ಊಟ ಮಾಡಿತು, ಯಾರನ್ನು ಕಂಡು ಹಿಂದೆ ಸರಿಯಿತು ಎಂದು ಕೇಳಿ.