ತೂಕದಲ್ಲಿ ಮೋಸ, ಎಂಆರ್‌ಪಿ ಮೇಲೆ ಎರಡು ರೂಪಾಯಿ: ಯಾರಿಗೆ ಹೇಳಬೇಕು?

ನಾನು ತಿಪಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವವನು. ಅಂಗಡಿಯವನೇ ಅಂಗಡಿಯವರ ಮೇಲೆ ದೂರು ಕೊಡೋದು ಹೇಳಿಕೊಡ್ತಾನಲ್ಲ ಅಂತ ನಗಬೇಡಿ. ಪಕ್ಕದವನು ಕೆಜಿಗೆ ಐವತ್ತು ಗ್ರಾಂ ನುಂಗಿ, ಎರಡು ರೂಪಾಯಿ ಕಡಿಮೆಗೆ ಮಾರಿದರೆ ಹೊಡೆತ ಬೀಳುವುದು ಸರಿಯಾಗಿ ತೂಗುವವನಿಗೇ.

ಮೊದಲು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ, ಅಂದರೆ ತೂಕ-ಅಳತೆ ನೋಡಿಕೊಳ್ಳುವ ಇಲಾಖೆಯ, ಸೀಲ್ ಬೀಳಬೇಕು. ಅದರ ಸರ್ಟಿಫಿಕೇಟ್ ಗಿರಾಕಿಗೆ ಕಾಣುವ ಹಾಗೆ ಇಡಬೇಕು. ನನ್ನದು ಗಲ್ಲಾದ ಮೇಲೆ, ದೇವರ ಫೋಟೋ ಪಕ್ಕದಲ್ಲಿದೆ. ತಾರೀಖು ಓದಿ ನೋಡಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವನ ಹತ್ತಿರ ಸ್ವಲ್ಪ ಹುಷಾರು.

ಸಾಮಾನು ಇಡುವ ಮುಂಚೆ ಸೊನ್ನೆ ಇದೆಯಾ ಗಮನಿಸಿ. ಅನುಮಾನ ಬಂದರೆ ಅಲ್ಲೇ ಇರುವ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಡಿಸಿ. ಕವರ್ ತೂಕ ಸೇರಿ ಕೆಲವು ಗ್ರಾಂ ಜಾಸ್ತಿ ಬಂದರೆ ಸರಿ. 1,050 ಗ್ರಾಂ ತೋರಿಸಿತಾ? ಏನೋ ಎಡವಟ್ಟಿದೆ. ಮೋಸದ ತಕ್ಕಡಿ ಜಾಸ್ತಿ ತೋರಿಸುತ್ತದೆ. 950 ಗ್ರಾಂ ಬೇಳೆಯನ್ನೇ ಒಂದು ಕೆಜಿ ಅನ್ನುತ್ತದೆ. ತುಂಬಾ ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ.

ಸ್ವೀಟ್ ಅಂಗಡಿಯಲ್ಲಿ ಡಬ್ಬಿ ನೋಡಿಕೊಳ್ಳಿ. ಕೆಜಿಗೆ 900 ರೂಪಾಯಿಯ ಸ್ವೀಟ್, ಡಬ್ಬಿ 100 ಗ್ರಾಂ ಅಂದುಕೊಳ್ಳಿ. ಜೊತೆಗೇ ತೂಗಿದರೆ ರಟ್ಟಿಗೆ 90 ರೂಪಾಯಿ ಕೊಟ್ಟ ಹಾಗಾಯಿತು. "ಡಬ್ಬಿ ತೂಕ ಕಳೀರಿ" ಅಂತ ಹೇಳಿ, ಸಂಕೋಚ ಬೇಡ. ಪೆಟ್ರೋಲ್ ಬಂಕಿನಲ್ಲೂ ಅಷ್ಟೇ, ಐದು ಲೀಟರ್ ಅಳತೆ ಪಾತ್ರೆ ಇಟ್ಟಿರಲೇಬೇಕು. ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳಬಹುದು.

ಇನ್ನು ಎಂಆರ್‌ಪಿ. ಅದರಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ "ಕೂಲಿಂಗ್ ಚಾರ್ಜ್" ಅಂತ ಎರಡು ರೂಪಾಯಿ ಕೇಳುವ ಹಾಗಿಲ್ಲ. ಆದರೆ ಹೋಟೆಲಿನಲ್ಲಿ ಕೂತು ತರಿಸಿಕೊಂಡ ನೀರಿನ ಬಾಟಲಿಗೆ ಜಾಸ್ತಿ ಹಾಕಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಬಿಲ್ಲಿಗೆ ಕೇಳದೇ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಮಾತ್ರ ತೆಗೆಸಿ. ಅದು ತೆರಿಗೆ ಅಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೇಡ ಅಂದಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ದೂರು ಕೊಡುವಾಗ "ಅಂಗಡಿಯವನು ಮೋಸ ಮಾಡಿದ" ಅಂದರೆ ಸಾಲದು. ಬಿಲ್, ಬಿಲ್ ಇಲ್ಲದಿದ್ದರೆ ಫೋನ್‌ಪೇ ಸ್ಕ್ರೀನ್‌ಶಾಟ್, ಎಂಆರ್‌ಪಿ ಕಾಣುವ ಹಾಗೆ ಪ್ಯಾಕೆಟ್ಟಿನ ಫೋಟೋ, ಅಂಗಡಿ ಬೋರ್ಡಿನ ಫೋಟೋ, ದಿನ, ಹೊತ್ತು. ಇಷ್ಟಿದ್ದರೆ ಅಧಿಕಾರಿಗೂ ಹಿಡಿಯಲು ಏನಾದರೂ ಸಿಗುತ್ತದೆ. ತೂಕ, ಅಳತೆ, ಎಂಆರ್‌ಪಿ ವಿಷಯವಾದರೆ ನಿಮ್ಮ ತಾಲ್ಲೂಕಿಗೆ ಸೇರಿದ ಮಾಪನಶಾಸ್ತ್ರ ಇನ್‌ಸ್ಪೆಕ್ಟರ್‌ಗೆ ಬರೆದು ಕೊಡಿ. ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಆಫೀಸಿಗೆ ಅಲೆಯಲು ಆಗದವರು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ನಂಬರ್, ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಅವರು ಕಂಪನಿಗೆ ದೂರು ತಲುಪಿಸಿ ರಾಜಿ ಮಾಡಿಸುತ್ತಾರೆ, ಶಿಕ್ಷೆ ಕೊಡುವ ಅಧಿಕಾರ ಅವರಿಗಿಲ್ಲ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ತಕರಾರಿಗೆ ಇದೇ ಒಳ್ಳೇ ದಾರಿ.

ಒಂದು ಮಾತು. ಇನ್‌ಸ್ಪೆಕ್ಟರ್ ಹಾಕಿಸಿದ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ನಷ್ಟ ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬಿಲ್ ಈಗ ಬರುವ ಹೊಳೆಯುವ ಕಾಗದದ್ದಾದರೆ ಅವತ್ತೇ ಫೋಟೋ ತೆಗೆದಿಡಿ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ.