ನಾನು ಬಾಯಿ ಮುಚ್ಚಿದ ಮೇಲೆ ಮಗ ಬಾಯಿ ಬಿಟ್ಟ

ಮೊನ್ನೆ ಮಗ ಕಿಟಕಿ ಹತ್ತಿರ ನಿಂತು, "ಅಪ್ಪ, ಕಾಗೆ ಹೋಯ್ತು, ಮತ್ತೆ ಬಲಲ್ವಾ?" ಎಂದ. ಪಕ್ಕದಲ್ಲೇ ಅಮ್ಮ ಕೂತಿದ್ದರು. ನಾನು ಅವರ ಮುಖ ನೋಡಿದೆ, ಅವರು ಕಿಟಕಿ ನೋಡಿದರು. ವರ್ಷದ ಹಿಂದೆ, ಮಾತು ತಡವಾದ ಮಗನ ಮುಂದೆ ನಾನು ಸುಮ್ಮನೆ ಕಾಯತೊಡಗಿದಾಗ ಇವರೇ, "ಸುಮ್ನಿರೋ, ನೀನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಮಗು ಮುಂದೆ ಬಾಯಿ ಮುಚ್ಕೊಂಡು ಕೂತ್ರೆ ಅದಕ್ಕೆ ಮಾತು ಬರುತ್ತಾ?" ಎಂದು ನಕ್ಕಿದ್ದರು.

ಎರಡು ವರ್ಷ ತುಂಬಿದಾಗ ಅವನ ಹತ್ತಿರ ಇದ್ದದ್ದು ಎಂಟೋ ಒಂಬತ್ತೋ ಪದ. ಅದೂ "ಬೌಬೌ"ವನ್ನು ಲೆಕ್ಕಕ್ಕೆ ಹಿಡಿದರೆ. ಆ ವಯಸ್ಸಿಗೆ 50ರ ಹತ್ತಿರ ಪದ ಇರಬೇಕು, ಎರಡೆರಡು ಪದ ಜೋಡಿಸಬೇಕು ಅನ್ನೋದು ನಿಮಗೂ ಗೊತ್ತಿರುತ್ತೆ.

ಮೊದಲು ದುಡ್ಡು ಕಳೆದ ಕಥೆ. ಮಾತಾಡುವ ಗೊಂಬೆ, ಬಟನ್ ಒತ್ತಿದರೆ ಹಾಡುವ ಪುಸ್ತಕ, ಎರಡು ಕಟ್ಟು ಫ್ಲ್ಯಾಶ್ ಕಾರ್ಡ್. ಎಲ್ಲ ಸೇರಿ ಅರ್ಧ ತಿಂಗಳ ಸಂಬಳ ಹೋಗಿರಬೇಕು. ಗೊಂಬೆ ಮಾತಾಡಿತು, ಮಗ ಕೇಳಿಸಿಕೊಂಡ. ಅಷ್ಟೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ 2003ರಲ್ಲೇ ಇದನ್ನು ತೋರಿಸಿದ್ದರು. ಎದುರಿಗೆ ಕೂತು ಮ್ಯಾಂಡರಿನ್ (ಚೀನೀ ಭಾಷೆ) ಮಾತಾಡಿದಾಗ, ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳು ಆ ಭಾಷೆಯ ಸದ್ದುಗಳನ್ನು ಹಿಡಿದವು. ಅದನ್ನೇ ಟಿವಿಯಲ್ಲಿ ತೋರಿಸಿದರೆ ಏನೂ ತಲೆಗೆ ಹತ್ತಲಿಲ್ಲ. ನಾನು ಇದನ್ನು ಓದಿದ್ದು ದುಡ್ಡೆಲ್ಲ ಖರ್ಚಾದ ಮೇಲೆ.

ಸಾರ್ಥಕ ಆದ ಖರ್ಚು ಅಂದರೆ ಕಿವಿ ಪರೀಕ್ಷೆಯದು. ಅದರಲ್ಲಿ ಮಾತ್ರ ಜುಗ್ಗತನ ಬೇಡ. ಕರೆದರೆ ತಿರುಗುತ್ತಾನಲ್ಲ ಅಂತ ಸುಮ್ಮನಾಗಬೇಡಿ. ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡ ಮಗುವೂ ಕರೆದರೆ ತಿರುಗಬಹುದು, ಆದರೆ ಮಾತು ಅದಕ್ಕೆ ಮಂಕಾಗಿ ಕೇಳುತ್ತಿರುತ್ತೆ. ನಮ್ಮವನ ಕಿವಿ ಸರಿ ಇತ್ತು. ಸ್ಪೀಚ್ ಥೆರಪಿಸ್ಟ್ ನೋಡಿ, "ಹೇಳಿದ್ದು ಅರ್ಥ ಆಗ್ತಿದೆ, ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಾನೆ. ಮನೆಯಲ್ಲೇ ಶುರು ಮಾಡಿ, ತಿಂಗಳಿಗೊಮ್ಮೆ ಬನ್ನಿ" ಎಂದರು. ಅವನ ಜೊತೆ ಆಡುವಾಗ ನನ್ನ ಮಾತನ್ನೇ ಹತ್ತು ನಿಮಿಷ ರೆಕಾರ್ಡ್ ಮಾಡಲು ಹೇಳಿದರು.

ರಾತ್ರಿ ಕೂತು ಕೇಳಿದೆ. "ಇದೇನು? ಇದ್ಯಾವ ಬಣ್ಣ? ನಾಯಿ ಏನನ್ನುತ್ತೆ? ಹೇಳು ಪುಟ್ಟ, ಹೇಳು." ನಲವತ್ತೋ ಐವತ್ತೋ ಪ್ರಶ್ನೆ. ಒಂದಕ್ಕೂ ಅವನಿಗೆ ಎರಡು ಸೆಕೆಂಡ್ ಕೊಟ್ಟಿರಲಿಲ್ಲ. ಉತ್ತರವನ್ನೂ ನಾನೇ ಹೇಳಿ ಮುಗಿಸಿದ್ದೆ.

ಮಾರನೇ ದಿನದಿಂದ ಪ್ರಶ್ನೆ ಬಂದ್. ಅವನು ಏನು ಮಾಡುತ್ತಿದ್ದಾನೋ ಅದಕ್ಕೊಂದು ಚಿಕ್ಕ ಮಾತು, ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಕೆ. ಮಾಡಿ ನೋಡಿ, ಐದಕ್ಕೇ ನಾಲಿಗೆ ತುರಿಸುತ್ತೆ. ಮೆಟ್ಟಿಲ ಮೇಲಿಂದ ಚೆಂಡು ಬಿಡೋದು, "ಬಿತ್ತು!" ಅನ್ನೋದು, ತಂದು ಮತ್ತೆ ಬಿಡೋದು. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ, ಚೆಂಡನ್ನು ಅಂಚಿನಲ್ಲಿ ಹಿಡಿದು ಸುಮ್ಮನಾದೆ. ಅವನು ಚೆಂಡು ನೋಡಿದ. ನನ್ನ ಮುಖ ನೋಡಿದ. ಏಳು, ಎಂಟು... ಎರಡೂ ತುಟಿ ಒತ್ತಿ, "ಬಿತ್!" ಎಂದ. ಚೆಂಡು ಇನ್ನೂ ನನ್ನ ಕೈಯಲ್ಲೇ ಇತ್ತು. ತಕ್ಷಣ ಬಿಟ್ಟೆ. ಅವತ್ತು ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದೆನೋ, ಮೊಣಕಾಲಿಗೇ ಗೊತ್ತು.

ಆಮೇಲೆ ಅವನು "ಬಿತ್" ಎಂದಾಗೆಲ್ಲ ನಾನು "ಚೆಂಡು ಬಿತ್ತು" ಅನ್ನುತ್ತಿದ್ದೆ. ಅವನದಕ್ಕಿಂತ ಒಂದೇ ಪದ ಜಾಸ್ತಿ. ತಿದ್ದುವುದಿಲ್ಲ, ಮತ್ತೊಮ್ಮೆ ಹೇಳು ಅನ್ನುವುದೂ ಇಲ್ಲ.

ಎಡವಿದ್ದೂ ಇದೆ. ಆಟದ ಸಾಮಾನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮಗು ಕೇಳಲೇಬೇಕಾಗುತ್ತೆ ಅನ್ನೋ ಉಪಾಯ ನಿಮಗೆ ಗೊತ್ತೇ ಇದೆ. ನಾನು ಅತಿ ಮಾಡಿದೆ. "ಕೊಡು" ಅನ್ನೋವರೆಗೂ ಕೊಡಲ್ಲ ಅಂತ ಹಟ ಹಿಡಿದೆ. ಡಬ್ಬಿ ಬೀಸಿ ಒಗೆದ, ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದೇ ಸಲ ಕಾಯುವುದು, ಸದ್ದು ಬರಲಿ ಸನ್ನೆ ಬರಲಿ, ಕೊಟ್ಟುಬಿಡುವುದು.

ಗುಳ್ಳೆ ಊದಿಸಿದರೆ ಬಾಯಿ ಗಟ್ಟಿಯಾಗಿ ಮಾತು ಬರುತ್ತೆ ಅಂತ ಯಾರೋ ಹೇಳಿದರು. ಒಂದು ತಿಂಗಳು ಊದಿಸಿದೆವು. ಊದಿದ್ದಕ್ಕೆ ಏನೂ ಆಗಲಿಲ್ಲ, ಆದರೆ ಬಾಟಲಿ ಮುಚ್ಚಿಟ್ಟು ಕಾದಾಗ "ಇನ್ನೂ" ಅನ್ನೋ ಪದ ಸಿಕ್ಕಿತು! ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿಗೆ ಗೊಂದಲ ಆಗುತ್ತೆ ಅಂತ ಹೆಂಡತಿ ಅವಳ ಭಾಷೆ ಬಿಟ್ಟು ನೋಡಿದಳು. ಮಗನ ಪದ ಹೆಚ್ಚಲಿಲ್ಲ, ಅವಳೇ ಅವನ ಜೊತೆ ಮಾತು ಕಡಿಮೆ ಮಾಡಿದಳು. ಮೂರೇ ವಾರ, ಮತ್ತೆ ಶುರು ಮಾಡಿಸಿದೆ. ಈಗ ಎರಡರಲ್ಲೂ ಜಗಳ ಆಡುತ್ತಾನೆ.

ನಾಲ್ಕು ತಿಂಗಳಿಗೆ ನೋಟ್‌ಬುಕ್ಕಿನಲ್ಲಿ ಸುಮಾರು 70 ಪದ ಆಗಿತ್ತು, ಎರಡೂ ಭಾಷೆ ಸೇರಿ. ಥೆರಪಿಸ್ಟ್ ಆ ನೋಟ್‌ಬುಕ್ ಫೋಟೊ ತೆಗೆದುಕೊಂಡರು, ಬೇರೆ ಅಪ್ಪ ಅಮ್ಮಂದಿರಿಗೆ ತೋರಿಸೋಕಂತೆ. 200 ದಾಟಿದ ಮೇಲೆ ನಾನು ಬರೆಯೋದು ಬಿಟ್ಟೆ.

ಮಲಗಿಸುವ ಹೊತ್ತಿಗೆ ಆಡುವ ಇನ್ನೊಂದು ಆಟ ಇದೆ. ಪದ ಜೋಡಿಸೋಕೆ ಶುರು ಮಾಡಿದ್ದೇ ಅದರಿಂದ. ಅದನ್ನು ಈಗ ನಾದಿನಿಯ ಮಗಳ ಮೇಲೆ ಪ್ರಯೋಗ ಮಾಡುತ್ತಿದ್ದೇನೆ, ಅಲ್ಲೂ ಗೆದ್ದರೆ ಬರೆಯುತ್ತೇನೆ. "ರ" ಅಂತೂ ಇನ್ನೂ ಬಂದಿಲ್ಲ, ಕಾರಿಗೆ "ಕಾಲು" ಅಂತಾನೆ. ಅದು ಹೇಗೂ ತಡವಾಗಿ ಬರುವ ಸದ್ದು. ನಾನು "ಹೂಂ, ಕೆಂಪು ಕಾರು" ಅಂತೇನೆ, ಆಮೇಲೆ ಮನಸ್ಸಿನಲ್ಲೇ ಎಣಿಸುತ್ತೇನೆ.