ಇಸ್ತ್ರಿ ಹಾಕದ ಬಟ್ಟೆ ಉಡಬೇಡ ಮಗಳೇ

ತಂಗಿಯ ಮಗಳು ಗಂಡನ ಜೊತೆ ಉಗಾಂಡಾಕ್ಕೆ ಹೊರಟಿದ್ದಾಳೆ. ಮೊನ್ನೆ ಮೂಡಿಗೆರೆಯ ನಮ್ಮ ಮನೆಗೆ ಬಂದವಳು ಪೆಟ್ಟಿಗೆಗೆ ತುಂಬಬೇಕಾದ ಸಾಮಾನಿನ ಪಟ್ಟಿ ತೋರಿಸಿದಳು. "ದೊಡ್ಡಮ್ಮ, ಅಲ್ಲಿ ಹುಳುಹುಪ್ಪಟೆ ಬಹಳವಂತೆ. ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಬಿಡುತ್ತಾರಾ?" ಎಂದು ಕೇಳಿದಳು. ಬಿಡುವುದಿಲ್ಲ. ಅದನ್ನು ಇಲ್ಲಿಂದ ಹೊತ್ತೊಯ್ಯುವ ಅಗತ್ಯವೂ ಇಲ್ಲ. ನನ್ನ ಯಜಮಾನರು ಅಲ್ಲಿ ಕಾಫಿ ಕ್ಯೂರಿಂಗ್ ಕೆಲಸದಲ್ಲಿದ್ದಾಗ, 2009ರಿಂದ 2016ರವರೆಗೆ, ಕಂಪಾಲಾದ ಅಂಚಿನಲ್ಲಿ ಸಂಸಾರ ಮಾಡಿದವಳು ನಾನು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸೀಮೆಯಿಂದ ಆ ಕಡೆಗೆ ಹೋಗುವ ಬೇರೆಯವರಿಗೂ ಬೇಕಾದೀತು.

ಮೊದಲ ಮಾತು ಇಸ್ತ್ರಿಯದು. ಹೋದ ಹೊಸತರಲ್ಲಿ ಪಕ್ಕದ ಮನೆಯ ಉಗಾಂಡಾದ ಹೆಂಗಸು ನನಗೆ ಹೇಳಿದ ಮೊದಲ ಬುದ್ಧಿಮಾತೂ ಅದೇ: ಒಣಗಿದ ಬಟ್ಟೆಗೆಲ್ಲ ಇಸ್ತ್ರಿ ಹಾಕು, ಒಳಬಟ್ಟೆಗೂ ಹಾಕು, ಟವೆಲ್ಲಿಗೂ ಹಾಕು. ನಾನು ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಮಗಳ ಶಾಲೆಯ ಲಂಗದ ನೆರಿಗೆಗಳಿಗೆಲ್ಲ ಚೆನ್ನಾಗಿ ಇಸ್ತ್ರಿ ಹಾಕಿ, ಸೊಂಟದ ಎಲಾಸ್ಟಿಕ್ ಹಾಳಾಗುತ್ತದೆಂದು ಅಷ್ಟನ್ನು ಬಿಡುತ್ತಿದ್ದೆ. ಒಂದು ದಿನ ಅವಳ ಸೊಂಟದ ಮೇಲೆ ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದಿತು. ನಾಲ್ಕೈದು ದಿನಕ್ಕೆ ಕುರುವಿನ ಹಾಗೆ ಊದಿಕೊಂಡಿತು. ತುದಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ತೂತು. "ಅಮ್ಮ, ಒಳಗೆ ಏನೋ ಅಲ್ಲಾಡುತ್ತಿದೆ" ಎಂದು ಮಗು ಅತ್ತಾಗ ನನ್ನ ಕೈಕಾಲು ತಣ್ಣಗಾದವು.

ಅದು ಅಲ್ಲಿಯವರು ಮ್ಯಾಂಗೋ ಫ್ಲೈ ಎನ್ನುವ ನೊಣದ ಮರಿಹುಳು. ಈ ನೊಣ ಕೊಳಕು ಮಣ್ಣಿನಲ್ಲಿ, ನೆರಳಿನಲ್ಲಿ ಒಣಹಾಕಿದ ಹಸಿ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಹೊರಬರುವ ಮರಿ, ಬಟ್ಟೆ ಉಟ್ಟವರ ಚರ್ಮದೊಳಗೆ ನುಸುಳಿ ಅಲ್ಲಿಯೇ ಬೆಳೆಯುತ್ತದೆ. ಪಕ್ಕದ ಮನೆಯಾಕೆ ಗಾಬರಿಪಡದೆ ಆ ತೂತಿನ ಮೇಲೆ ವ್ಯಾಸಲೀನ್ ದಪ್ಪಗೆ ಮೆತ್ತಿದಳು. ಹುಳುವಿಗೆ ಉಸಿರಾಡುವ ದಾರಿ ಅದೊಂದೇ. ಸುಮಾರು ಅರ್ಧ ಗಂಟೆಗೆ ಬಿಳಿ ತುದಿಯೊಂದು ಮೇಲೆ ಕಾಣಿಸಿತು. ಎರಡೂ ಪಕ್ಕದಿಂದ ಹೆಬ್ಬೆರಳುಗಳಲ್ಲಿ ನಿಧಾನವಾಗಿ ಒತ್ತಿದಾಗ ಅನ್ನದ ಅಗುಳಿಗಿಂತ ಒಂದಿಷ್ಟು ದಪ್ಪಗಿದ್ದ ಹುಳು ಇಡಿಯಾಗಿ ಹೊರಬಂತು. ಇಡಿಯಾಗಿ ಬರುವುದು ಮುಖ್ಯ. ತುಂಡಾಗಿ ಒಳಗೆ ಉಳಿದರೆ ಗಾಯ ಕೀವಾಗುತ್ತದೆ. ಕೈ ನಡುಗುತ್ತದೆ ಎನ್ನುವವರು ವೈದ್ಯರ ಬಳಿಗೇ ಹೋಗಿ. ಅಲ್ಲಿಯ ವೈದ್ಯರು ಇದನ್ನು ದಿನವೂ ನೋಡಿದವರು.

ಆದ್ದರಿಂದ ಬಟ್ಟೆಯನ್ನು ನೆಲದ ಮೇಲೆ, ಹುಲ್ಲಿನ ಮೇಲೆ, ಬೇಲಿಯ ಮೇಲೆ ಹರಡಬೇಡಿ. ತಂತಿ ಕಟ್ಟಿ ಚುರುಗುಟ್ಟುವ ಬಿಸಿಲಿನಲ್ಲಿ ಹಾಕಿ, ಗರಿಗರಿ ಒಣಗಿದ ಕೂಡಲೇ ಒಳಗೆ ತನ್ನಿ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಚೆನ್ನಾಗಿ ಕಾಯಿಸಿ ಎರಡೂ ಮಗ್ಗುಲಿಗೆ, ಹೊಲಿಗೆಯ ಅಂಚಿಗೆ, ಕಾಲರಿನ ಒಳಗೆ, ಎಲಾಸ್ಟಿಕ್ಕಿನ ಮೇಲೂ ಒತ್ತಿ. ಎಲಾಸ್ಟಿಕ್ ಹೋದರೆ ಹೊಸದು ಹಾಕಿಕೊಳ್ಳಬಹುದು. ಕರೆಂಟು ಕೈಕೊಡುವ ದಿನಗಳಿಗೆಂದು ನಾನು ಕಂಪಾಲಾದ ಓವಿನೋ ಮಾರುಕಟ್ಟೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕೊಂಡಿದ್ದೆ. ನಮ್ಮಜ್ಜಿಯ ಮನೆಯ ಅಟ್ಟದಲ್ಲಿದ್ದಂಥದ್ದೇ. ಅದರ ತೂಕವೇ ಅರ್ಧ ಕೆಲಸ ಮಾಡುತ್ತದೆ.

ಮಣ್ಣಿನಲ್ಲಿ ಜಿಗ್ಗರ್ ಎಂಬ ಚಿಗಟವೂ ಇದೆ, ಕಾಲ್ಬೆರಳಿನ ಸಂದಿ ಕೊರೆದು ಕೂರುತ್ತದೆ. ಕಾಫಿ ಕಣಕ್ಕೆ ಬರಿಗಾಲಲ್ಲಿ ಇಳಿದು ಬೆಳೆದವರು ನಾವು. ಅಲ್ಲಿ ಆ ಅಭ್ಯಾಸ ಬಿಡಿ. ಅಂಗಳಕ್ಕೂ ಚಪ್ಪಲಿ ಬೇಕು.

ಇನ್ನು ಸೊಳ್ಳೆ. ನಮ್ಮ ಅಜ್ಜಿಯ ಕಾಲದಲ್ಲಿ ಬಯಲುಸೀಮೆಯವರು ಚಳಿಜ್ವರಕ್ಕೆ ಹೆದರಿ ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರಂತೆ. ಆ ಭಯದ ಅರ್ಥ ನನಗಾದದ್ದು ಉಗಾಂಡಾದಲ್ಲಿ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪ್ಯಾರಮ್ ಮಲೇರಿಯಾ, ತಡಮಾಡಿದರೆ ಜೀವ ತೆಗೆಯುವಂಥದ್ದು. ಸಮಭಾಜಕ ವೃತ್ತದ ಊರಾದ್ದರಿಂದ ವರ್ಷವಿಡೀ ಸಂಜೆ ಏಳರ ಹೊತ್ತಿಗೆ ಕತ್ತಲಾಗುತ್ತದೆ. ಆರಕ್ಕೇ ಕಿಟಕಿ ಮುಚ್ಚುವುದನ್ನು ದೀಪ ಹಚ್ಚುವಷ್ಟೇ ನೇಮದಿಂದ ಮಾಡಿ. ಮಲೇರಿಯಾದ ಸೊಳ್ಳೆ ಕಚ್ಚುವುದು ಹೆಚ್ಚಾಗಿ ರಾತ್ರಿ, ನಾವು ನಿದ್ದೆಯಲ್ಲಿರುವಾಗ. ಹಾಗಾಗಿ ಬತ್ತಿಗಿಂತ ಪರದೆಯನ್ನೇ ನಂಬಿ, ಔಷಧಿ ಲೇಪಿಸಿದ ಪರದೆಯನ್ನೇ ಕೊಳ್ಳಿ. ನಡುವೆ ಒಂದೇ ಕೊಕ್ಕೆಯಿಂದ ಜೋತುಬೀಳುವ ದುಂಡು ಪರದೆ ನೋಡಲು ಚಂದ, ಆದರೆ ರಾತ್ರಿ ಮೊಣಕೈ ಅದಕ್ಕೆ ತಗುಲುತ್ತದೆ, ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ. ನಾಲ್ಕು ಮೂಲೆಯ ಪರದೆ ತಂದು ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿ. ಒಳಗೆ ಮಲಗಿದ ಮೇಲೆ ಒಮ್ಮೆ ಮೊಬೈಲ್ ಬೆಳಕು ಹಾಯಿಸಿ ಮೂಲೆಗಳನ್ನು ನೋಡಿ. ಈ ಪರದೆಯನ್ನು ಮಾತ್ರ ಬಿಸಿಲಿಗೆ ಹಾಕಬಾರದು, ಔಷಧಿಯ ಶಕ್ತಿ ಕುಂದುತ್ತದೆ. ಹೊರಗಿನ ನೆರಳಿನಲ್ಲಿ ಹಾಕೋಣವೆಂದರೆ ಆ ನೊಣ ಕಾದಿರುತ್ತದೆ. ನಾನು ಬಾಗಿಲು ಹಾಕಿದ ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ.

ಅಡುಗೆಮನೆಯ ವಿಷಯದಲ್ಲಿ ಊರಿನ ವಿದ್ಯೆಯೇ ಸಾಕು. ತೊಗರಿಬೇಳೆಗೆ ಹರಳೆಣ್ಣೆ ಸವರಿ, ಅಕ್ಕಿ ಡಬ್ಬಕ್ಕೆ ಒಣಮೆಣಸಿನಕಾಯಿ ಹಾಕಿ. ರವೆ, ಅವಲಕ್ಕಿ, ಕಡಲೆಹಿಟ್ಟನ್ನು ತಂದ ದಿನವೇ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಒಳಗಿನ ಮೊಟ್ಟೆಗಳೂ ಸಾಯುತ್ತವೆ. ಜಿರಳೆಗೆ ಬೋರಿಕ್ ಪುಡಿ, ಕೇರಂ ಬೋರ್ಡಿಗೆ ಉದುರಿಸುವುದೇ. ಎರಡು ಚಮಚ ಗೋಧಿಹಿಟ್ಟು, ಒಂದು ಚಮಚ ಬೋರಿಕ್ ಪುಡಿ, ಒಂದು ಚಮಚ ಸಕ್ಕರೆ, ಹಾಲು ಚಿಮುಕಿಸಿ ಕಲಸಿ ಗೋಲಿಗಿಂತ ಸಣ್ಣ ಉಂಡೆ ಮಾಡಿ. ಫ್ರಿಜ್ಜಿನ ಹಿಂದೆ, ಮೋಟಾರಿನ ಬಿಸಿ ಇರುವ ಕಡೆ, ಸಿಂಕಿನ ಕೆಳಗೆ ಇಡಿ. ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗಬಾರದು. ಹತ್ತು ದಿನ ತಾಳ್ಮೆ ಬೇಕು. ಈ ದಿನಗಳಲ್ಲಿ ಅದೇ ಜಾಗಕ್ಕೆ ಸ್ಪ್ರೇ ಹೊಡೆದರೆ ಜಿರಳೆ ಉಂಡೆಯ ಹತ್ತಿರವೇ ಸುಳಿಯುವುದಿಲ್ಲ, ಮಾಡಿದ ಕೆಲಸ ನೀರುಪಾಲು.

ಮಳೆ ಬಂದ ಸಂಜೆ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುವುದು ಅಲ್ಲಿಯೂ ಉಂಟು. ಒಳಗಿನ ದೀಪ ಆರಿಸಿ, ಹೊರಗೊಂದು ದೀಪ ಉರಿಸಿ, ಅದರ ಕೆಳಗೆ ಬೋಗುಣಿಯಲ್ಲಿ ನೀರಿಟ್ಟರೆ ಎಲ್ಲವೂ ಅಲ್ಲಿಗೇ ಬೀಳುತ್ತವೆ. ಅಲ್ಲಿಯವರು ಅವನ್ನು ಹುರಿದು ತಿನ್ನುತ್ತಾರೆ. ನವೆಂಬರ್ ಹೊತ್ತಿಗೆ ಎನ್ಸೆನೆನೆ ಎಂಬ ಹಸಿರು ಮಿಡತೆಯನ್ನಂತೂ ಹಬ್ಬದಂತೆ ಹಿಡಿದು ಹುರಿಯುತ್ತಾರೆ. ಚಗಳಿ ಎಂಬ ಕೆಂಪಿರುವೆಯ ಚಟ್ನಿ ಉಂಡು ಬೆಳೆದ ನನಗೆ ಅದು ವಿಚಿತ್ರವೆನಿಸಲಿಲ್ಲ, ನೀವೂ ಮುಖ ಸಿಂಡರಿಸಬೇಡಿ. ದೀಪಕ್ಕೆ ಬರುವವುಗಳಲ್ಲಿ ಎಚ್ಚರ ಬೇಕಾದದ್ದು ಒಂದೇ: ಕೆಂಪು-ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ನೈರೋಬಿ ಫ್ಲೈ. ಅದು ಕಚ್ಚುವುದಿಲ್ಲ, ಆದರೆ ಮೈಮೇಲೆ ಜಜ್ಜಿದರೆ ಅದರ ರಸ ತಗುಲಿ ಮರುದಿನಕ್ಕೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಹೊಡೆಯದೆ ಉಫ್ ಎಂದು ಊದಿ ಹಾರಿಸಿ. ಅಕಸ್ಮಾತ್ ಜಜ್ಜಿದರೆ ಸೋಪಿನಿಂದ ತೊಳೆಯಿರಿ, ತೊಳೆಯುವವರೆಗೆ ಕೈಯನ್ನು ಕಣ್ಣಿಗೆ ತಾಗಿಸಬೇಡಿ.

ಹೊರಡುವ ಮೊದಲು ಹಳದಿ ಜ್ವರದ ಲಸಿಕೆ ಕಡ್ಡಾಯ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ. ಮಲೇರಿಯಾ ತಡೆಯುವ ಮಾತ್ರೆಯ ಬಗ್ಗೆಯೂ ಆಗಲೇ ವೈದ್ಯರನ್ನು ಕೇಳಿ. ಅಲ್ಲಿದ್ದಾಗ ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಅಂದೇ ರಕ್ತಪರೀಕ್ಷೆ ಮಾಡಿಸಿ. ರಜೆಗೆ ಊರಿಗೆ ಬಂದು ಎರಡು ಮೂರು ವಾರದ ಮೇಲೆ ಜ್ವರ ಕಾಣಿಸಿದರೂ ಹಾಗೆಯೇ. ನಮ್ಮ ಯಜಮಾನರಿಗೆ ಹಾಗೆಯೇ ಬಂದಿತ್ತು, ಜೂನ್ ತಿಂಗಳ ಜಡಿಮಳೆಯಲ್ಲಿ. ಮಳೆಗೆ ನೆನೆದ ಶೀತವೆಂದು ಮನೆಯವರೆಲ್ಲ ಕಷಾಯ ಕುಡಿಸುತ್ತಿದ್ದರು. ನಾನು ಜೀಪು ಮಾಡಿಸಿಕೊಂಡು ಚಿಕ್ಕಮಗಳೂರಿಗೆ ಕರೆದೊಯ್ದು, ವೈದ್ಯರು ನಾಡಿ ಹಿಡಿಯುವ ಮೊದಲೇ "ಇವರು ಆಫ್ರಿಕಾದಿಂದ ಬಂದು ಹದಿನಾರು ದಿನವಾಯಿತು" ಎಂದೆ. ನೀವೂ ಮೊದಲು ಅದನ್ನೇ ಹೇಳಿ.